ಹೊರಗಿನವರು ಒಬ್ಬರು

ಬಚ್ಚಲಲ್ಲಿ ಬೆತ್ತ ನೆನೆಹಾಕಿದ್ದಕ್ಕೆ ಗುಬ್ಬಿಯ ಅಣ್ಣ ಆ ಬೆಳಿಗ್ಗೆಯೂ ಕೂಗಾಡಿದ.

"ಮನುಷ್ಯ ಅನ್ನೋನು ಮೈ ತೊಳ್ಕೋಬೇಕೋ ಬೇಡ್ವೋ ಈ ಮನೇಲಿ? ಬಕೆಟ್ಟಿಗೆ ಕೈ ಹಾಕಿದ್ರೆ ಹಾವಿನ ಹಾಗೆ ಸುತ್ಕೊಳ್ಳುತ್ತೆ!"

"ಇನ್ನೊಂದು ಬಕೆಟ್ ಇದೆಯಲ್ಲ," ಅತ್ತಿಗೆ ಒಲೆಯ ಮುಂದಿನಿಂದ ಕದಲದೆ ಹೇಳಿದಳು.

"ಅದ್ರಲ್ಲಿ ಅಮ್ಮನ ಬಟ್ಟೆ ನೆನೀತಿದೆ."

"ಹಾಗಾದ್ರೆ ನೀವೂ ಅದ್ರ ಜೊತೆ ಸ್ವಲ್ಪ ನೆನೀರಿ. ಬೆತ್ತಾನೇ ಮೆತ್ತಗಾಗುತ್ತೆ, ನೀವಾಗಲ್ವಾ?"

ಬ್ರೆಡ್ಡು ತಿನ್ನುತ್ತಿದ್ದ ಅವರ ಮಗಳು ನಕ್ಕ ರಭಸಕ್ಕೆ ಚಹಾ ಚೆಲ್ಲಿದಳು. ಹೈಸ್ಕೂಲು ಮೆಟ್ಟಿಲು ಹತ್ತಿದ ಹುಡುಗಿ. ಯಾವ ಮಾತಿಗೂ ಮರುಮಾತು ಇಟ್ಟುಕೊಂಡೇ ಹುಟ್ಟಿದವಳೆಂದು ಮನೆಯಲ್ಲಿ ಎಲ್ಲರೂ ಅವಳನ್ನು ಲಾಯರ್ ಎನ್ನುತ್ತಿದ್ದರು. "ಅಪ್ಪನ ಕೇಸು ಬಿದ್ದೋಯ್ತು," ಎಂದು ಅವಳು ತೀರ್ಪು ಕೊಟ್ಟಳು. ಅಣ್ಣ ಮುಖವನ್ನಷ್ಟೇ ತೊಳೆದುಕೊಂಡು ಸ್ಕೂಲ್ ವ್ಯಾನ್ ಓಡಿಸಲು ಹೋದ.

ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿರುವ ಐದು ಜನಕ್ಕೇ ಜಾಗ ಸಾಲದು, ಅದರ ಮೇಲೆ ಕುರ್ಚಿಗಳೂ ಅಲ್ಲಿ ಸಂಸಾರ ಹೂಡಿದ್ದವು. ಸೀಟು ಹರಿದವು, ಬೆನ್ನು ಹರಿದವು, ಒಂದರ ಹೆಗಲ ಮೇಲೊಂದು ಹತ್ತಿ ಸೂರು ಮುಟ್ಟಿದ್ದವು. ಮಂಚದ ಕೆಳಗೆ ಬೆತ್ತದ ಸುರುಳಿ, ಬಾಗಿಲ ಹಿಂದೆ ಬೆತ್ತದ ಚೂರು. "ಕುರ್ಚಿ ಮನೆ ತುಂಬ ಇವೆ, ಕೂರೋಕೆ ಮಾತ್ರ ಒಂದೂ ಇಲ್ಲ," ಎಂದು ಅಮ್ಮ ಬಂದವರಿಗೆಲ್ಲ ಹೇಳಿ ಮಂಚ ತೋರಿಸುತ್ತಿದ್ದಳು.

ಈ ಕೆಲಸ ಅತ್ತಿಗೆಯದು. ಅವಳ ಅಪ್ಪ ಬೆತ್ತದ ಕುರ್ಚಿ ಹೆಣೆಯುತ್ತಿದ್ದವನು. ತವರಿನಿಂದ ತಂದ ಬಳೆಗಳು ಅಣ್ಣನ ವ್ಯಾನಿನ ಎಂಜಿನ್ನಿಗೆ ಹೋದವು. ದಬ್ಬಳ, ಎಳೆ ಜಾರದಂತೆ ತೂತಿಗೆ ಬಡಿಯುವ ಮರದ ಪುಟ್ಟ ಗೂಟಗಳು ಮತ್ತು ಕೈಯೊಳಗಿನ ವಿದ್ಯೆ ಉಳಿದವು. ಸೀಟಿನ ಸುತ್ತಲಿನ ತೂತುಗಳಿಗೆ ಒದ್ದೆ ಬೆತ್ತ ಪೋಣಿಸಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಓರೆಯಾಗಿ ಮೂಲೆಯಿಂದ ಮೂಲೆಗೆ ಎಳೆಯುತ್ತಿದ್ದಳು. ಅಡುಗೆಗೂ ಪಾತ್ರೆಗೂ ನಡುವೆ ಸಿಕ್ಕ ಹೊತ್ತಿನಲ್ಲಿ ಮಾಡುತ್ತಿದ್ದಳಾದ್ದರಿಂದ ಮನೆಯಲ್ಲಿ ಯಾರೂ ಅದನ್ನು ಕೆಲಸ ಎನ್ನುತ್ತಿರಲಿಲ್ಲ. "ಅವಳೇನೋ ಹೆಣೀತಾ ಕೂತಿರ್ತಾಳೆ," ಎನ್ನುತ್ತಿದ್ದರು.

ಗುಬ್ಬಿ ಅಣ್ಣನ ತಂಗಿ. ಮನೆಯವರಿಟ್ಟ ಹೆಸರು ಬೇರೆ ಇತ್ತು, ಆದರೆ ಈ ಮನೆಗೆ ಸೊಸೆಯಾಗಿ ಬಂದ ದಿನ ಅತ್ತಿಗೆ ಕಿಟಕಿಯಲ್ಲಿ ಕುಳಿತಿದ್ದ ಸಣಕಲು ಹುಡುಗಿಯನ್ನು ನೋಡಿ ಗುಬ್ಬಿ ಎಂದಿದ್ದೇ ಉಳಿಯಿತು. ಲೆಕ್ಕ ಬರೆಯುತ್ತಿದ್ದ ಕಚೇರಿ ಮುಚ್ಚಿದ ಮೇಲೆ ಗುಬ್ಬಿ ಮನೆಯಲ್ಲಿ ಸುಮ್ಮನೆ ಕೂರಲಾರದೆ ಅತ್ತಿಗೆಯ ಕಸುಬಿಗೆ ಕಾಲೂ ಬಾಯಿಯೂ ಆದಳು. ಅಂಗಡಿಗಳಿಂದ ಕುರ್ಚಿ ಹೊತ್ತು ತಂದಳು, ದರ ಮಾತಾಡಿದಳು, ನೇರ ಎಳೆ ಹಾಕುವುದನ್ನು ಕಲಿತಳು. ಒಂದು ಹೋಟೆಲು ತನ್ನ ಊಟದ ಕೋಣೆಯ ಕುರ್ಚಿಗಳನ್ನೆಲ್ಲ ಕೊಡಲು ಒಪ್ಪಿತು. "ಅಷ್ಟನ್ನೂ ಎಲ್ಲಿಡ್ತೀರಿ?" ಎಂದು ಮ್ಯಾನೇಜರ್ ಕೇಳಿದ ಪ್ರಶ್ನೆಯನ್ನು ಗುಬ್ಬಿ ಮನೆಗೆ ಹೊತ್ತು ತಂದಳು.

"ಬೀದಿ ಕೊನೇಲಿ ಟೈರ್ ಅಂಗಡಿ ಖಾಲಿ ಇದೆ," ಎಂದಳು ಊಟದ ಹೊತ್ತಿಗೆ. "ಬಾಡಿಗೆಗೆ ಹಿಡಿದ್ರೆ ಬೆತ್ತ ನೆನೆಸೋಕೆ ತೊಟ್ಟೀನೂ ಕಟ್ಟಿಸಬಹುದು."

"ಸಾಲದ ಮಾತು ಈ ಮನೇಲಿ ಬೇಡ," ಎಂದ ಅಣ್ಣ.

"ಸಾಲ ಅಲ್ಲ ಅಣ್ಣ, ಗ್ರಾಂಟು. ಸಹಾಯಧನ. ಸಣ್ಣ ಕಸುಬಿನವರಿಗೆ ಕೊಡೋ ಸಂಸ್ಥೆಗಳಿವೆ. ವಾಪಸ್ ಕೇಳಲ್ಲ."

"ದುಡ್ಡು ಕೊಟ್ಟು ವಾಪಸ್ ಕೇಳದೇ ಇರೋರನ್ನ ನಾನಂತೂ ಕಂಡಿಲ್ಲ," ಎಂದಳು ಅಮ್ಮ. "ಏನೋ ಒಂದು ಕೇಳೇ ಕೇಳ್ತಾರೆ."

ಅಮ್ಮನಿಗೆ ಆಗ ತನ್ನ ಮಾತಿನ ತೂಕ ಗೊತ್ತಿರಲಿಲ್ಲ.

ಗುಬ್ಬಿ ಹುಡುಕತೊಡಗಿದಳು. ಅತ್ತಿಗೆ ಆಲೂಗಡ್ಡೆ ಸುಲಿಯುತ್ತಿದ್ದರೆ ಪಕ್ಕದಲ್ಲಿ ಫೋನು ಹಿಡಿದು ಷರತ್ತುಗಳನ್ನು ಓದುವುದು. ಒಂದು ಸಂಸ್ಥೆಗೆ ಹಲವು ವರ್ಷಗಳ ಲೆಕ್ಕಪತ್ರ ಬೇಕು. ಇನ್ನೊಂದಕ್ಕೆ ಹೊಸ ತಂತ್ರಜ್ಞಾನ ಬೇಕು. ಮತ್ತೊಂದರ ಗಡುವು ಹಿಂದಿನ ವಾರವೇ ಮುಗಿದಿತ್ತು. "ನಿನಗೆ ಗಂಡು ಹುಡುಕಿದ ಹಾಗೇ ಆಯ್ತು," ಎಂದಳು ಅಮ್ಮ. "ಒಂದಿದ್ರೆ ಒಂದಿಲ್ಲ."

ಕೊನೆಗೊಂದು ಸಿಕ್ಕಿತು. ಹೆಂಗಸರು ನಡೆಸುವ ಕೈಕಸುಬಿಗೆ. ಆದರೆ ನಡೆಸುವವಳಿಗೆ ಮೂವತ್ತೈದು ದಾಟಿರಬಾರದು. ಅತ್ತಿಗೆಗೆ ನಲವತ್ತು ಆಗಿಹೋಗಿತ್ತು.

"ನಿನ್ನ ಹೆಸರೇ ಹಾಕು, ಗುಬ್ಬಿ," ಅತ್ತಿಗೆ ಸಿಪ್ಪೆ ಒಟ್ಟುಮಾಡುತ್ತ ಹೇಳಿದಳು. "ಜಾಗ ಸಿಕ್ಕಿದ್ರೆ ಸಾಕು. ಹೆಸರನ್ನೇನು ಉಪ್ಪು ಹಚ್ಕೊಂಡು ತಿನ್ನೋಕಾಗುತ್ತಾ?"

"ನಿಮಗೆ ಬೇಜಾರಿಲ್ವಾ ಅತ್ತಿಗೆ?"

"ಬೇಜಾರಾದ್ರೆ ಹೇಳ್ತೀನಿ. ಮುಂದೆ ಓದು."

"ನಿಮ್ಮ ಉದ್ದಿಮೆಯಿಂದ ಸಮಾಜದ ಮೇಲಾಗುವ ಪರಿಣಾಮವೇನು?"

"ಕುರ್ಚಿ ಸರಿಹೋದ್ರೆ ಜನ ಕೂರ್ತಾರೆ. ಅದೇ ಪರಿಣಾಮ."

ಗುಬ್ಬಿ ಆ ಒಂದು ಮಾತನ್ನು ಹಿಗ್ಗಿಸಿ ಒಂದು ಪುಟ ಮಾಡಿದಳು. ಅತ್ತಿಗೆ ಒಲೆಯ ಕಡೆ ಎದ್ದು ಹೋದಾಗ ಮುಂದಿನ ಪ್ರಶ್ನೆ ಬಂತು: ಕುಟುಂಬದ ಹೊರಗಿನವರಿಗೆ ಉದ್ಯೋಗ ಕೊಟ್ಟಿದ್ದೀರಾ? ಕೊಟ್ಟವರಿಗೆ ಹತ್ತು ಅಂಕ ಹೆಚ್ಚು. ಗುಬ್ಬಿ ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲಿ ತಿರುಗಿಸಿದಳು. ಹಣ ಬಂದ ಮೇಲೆ ಯಾರನ್ನಾದರೂ ಇಟ್ಟುಕೊಂಡರಾಯಿತು, ಈಗ ಹೌದು ಎಂದರೆ ಯಾರ ಗಂಟು ಹೋಗುತ್ತದೆ? ಗಾಳಿ ಬಂದಾಗ ತೂರಿಕೊಳ್ಳಬೇಕು. "ಒಬ್ಬರು" ಎಂದು ತುಂಬಿ ಕಳಿಸಿಬಿಟ್ಟಳು. ಅತ್ತಿಗೆಗೆ ಅದನ್ನು ಹೇಳಲಿಲ್ಲ. ಮರೆತದ್ದಲ್ಲ, ಹೇಳಲಿಲ್ಲ.

ಪರಿಶೀಲನೆಗೆ ಸಂಸ್ಥೆಯಿಂದ ಒಬ್ಬಳು ಅಧಿಕಾರಿ ಬಂದಳು. ಮೃದುಮಾತಿನ ಹೆಂಗಸು, ಅಮ್ಮ ತೋರಿಸಿದ ಮಂಚದ ಮೇಲೆ ಕುಳಿತು ಮನೆಯನ್ನು ಮೆಚ್ಚಿದಳು. ಗುಬ್ಬಿ ನೇರ ಎಳೆ ಹಾಕಿ ತೋರಿಸಿದಳು. ಅದೇ ಹೊತ್ತಿಗೆ ಅತ್ತಿಗೆ ಬಚ್ಚಲಿನಿಂದ ಒದ್ದೆ ಬೆತ್ತದ ಸುರುಳಿ ಹೆಗಲಿಗೆ ಹಾಕಿಕೊಂಡು, ಸೆರಗು ಸಿಕ್ಕಿಸಿಕೊಂಡು ಬಂದಳು.

"ಹೊರಗಿನವರು ಒಬ್ಬರು ಅಂತ ಬರೆದಿದ್ರಿ," ಅಧಿಕಾರಿ ನಕ್ಕಳು. "ಇವರೇನಾ? ನಿಮಗೆ ಏನಾಗಬೇಕು ಇವರು?"

ಗುಬ್ಬಿಯ ಕೈಯಲ್ಲಿದ್ದ ಎಳೆ ಜಾರಿತು. "ಇವರು... ಏನೂ... ಏನೂ ಆಗಬೇಕಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬರ್ತಾರೆ."

ಅತ್ತಿಗೆ ನಿಂತಲ್ಲೇ ನಿಂತಳು. ಬೆತ್ತದಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಯಾರಾದರೂ ಏನಾದರೂ ಹೇಳಬೇಕಾಗಿತ್ತು. ಅಮ್ಮ ಹೇಳಿದಳು.

"ಹೂಂ, ಒಳ್ಳೇ ಹೆಂಗಸು. ಬಾಯಿ ಸ್ವಲ್ಪ ಜೋರು, ಆದ್ರೆ ಕೈ ಶುದ್ಧ."

"ಎಷ್ಟು ದಿನದಿಂದ ಇದ್ದೀರಮ್ಮ?" ಅಧಿಕಾರಿ ಅತ್ತಿಗೆಯನ್ನು ಕೇಳಿದಳು.

"ತುಂಬಾ ವರ್ಷ ಆಯ್ತು."

"ಮನೆ ದೂರಾನಾ?"

"ಇಲ್ಲ. ಇದೇ ಬೀದಿ." ಅತ್ತಿಗೆ ಸುರುಳಿ ಕೆಳಗಿಟ್ಟು, ಕೈ ಒರೆಸಿಕೊಂಡು, ಗುಬ್ಬಿಯ ಕಡೆ ತಿರುಗಿದಳು. "ಇವರಿಗೆ ಚಹಾ ತರ್ಲಾ, ಮೇಡಂ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಬ್ಬಿ ತಲೆಯಾಡಿಸಿದಳು.

ಮಧ್ಯಾಹ್ನ ಊಟಕ್ಕೆ ಬಂದ ಅಣ್ಣನಿಗೆ ಅಮ್ಮನೇ ಬಾಯಿಬಿಟ್ಟಳು. ಅವನು ಮೊದಲು ನಕ್ಕ. ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

"ನನ್ನ ಹೆಂಡ್ತಿ ನಿನಗೆ ಏನೂ ಆಗಬೇಕಿಲ್ವಾ?"

"ಹತ್ತು ಅಂಕ ಅಣ್ಣ... ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಅಮ್ಮ, ನೀನು?"

"ಅವಳು ಅಂದಮೇಲೆ ನಾನು ಇಲ್ಲ ಅನ್ನಲಾ? ಮಗಳನ್ನ ಹೊರಗಿನವರ ಮುಂದೆ ಸುಳ್ಳಿ ಮಾಡಲಾ?"

"ಸೊಸೇನ ಹೊರಗಿನವಳು ಮಾಡಬಹುದು," ಎಂದ ಅಣ್ಣ.

ಅತ್ತಿಗೆ ಎಲ್ಲರ ತಟ್ಟೆಗೂ ಬೇಳೆ ಬಡಿಸಿದಳು. "ಆರಿಹೋಗುತ್ತೆ, ತಿನ್ನಿ," ಎಂದಳು. ಅಷ್ಟೇ. ಬೈದಿದ್ದರೆ ಗುಬ್ಬಿ ಅತ್ತು ಹಗುರಾಗುತ್ತಿದ್ದಳು.

ಸಹಾಯಧನ ಬಂತು, ಟೈರ್ ಅಂಗಡಿ ಹಿಡಿದು ತೊಟ್ಟಿಯನ್ನೂ ಕಟ್ಟಿಸಿದರು. ಅಣ್ಣ ಮುನಿಸು ಮರೆತು ಕೇಕು ತಂದ. ಸಂಸ್ಥೆಯ ಪತ್ರಿಕೆಯಲ್ಲಿ ಗುಬ್ಬಿಯ ಫೋಟೋ ಬಂತು, ಕೈಯಲ್ಲಿ ಅತ್ತಿಗೆ ಹೆಣೆದ ಕುರ್ಚಿ. ಹಣದ ಜೊತೆಗೊಂದು ಷರತ್ತೂ ಬಂತು: ಕೆಲಸದಲ್ಲಿರುವ ಆ ಹೊರಗಿನವರಿಗೆ ಪ್ರತಿ ತಿಂಗಳು ಬ್ಯಾಂಕಿನ ಮೂಲಕ ಸಂಬಳ ಕೊಡಬೇಕು, ಕೊಟ್ಟದ್ದಕ್ಕೆ ಪುರಾವೆ ಕಳಿಸಬೇಕು. ಕೊಡದಿದ್ದರೆ ಹಣ ವಾಪಸ್.

"ನಾನು ಹೇಳಿದ್ನಲ್ಲ," ಎಂದಳು ಅಮ್ಮ. "ಏನೋ ಒಂದು ಕೇಳೇ ಕೇಳ್ತಾರೆ."

"ಕಾಗದದ ಮೇಲೆ ಮಾತ್ರ ಅತ್ತಿಗೆ," ಗುಬ್ಬಿ ಅಂಗಲಾಚಿದಳು. "ನಿಮ್ಮ ಖಾತೆಗೆ ಹಾಕ್ತೀನಿ, ನೀವು ಮನೆ ಖರ್ಚಿಗೆ ತೆಗೆದುಕೊಟ್ರೆ ಆಯ್ತು."

"ಸಂಬಳ ಅಂದ್ಮೇಲೆ ಸಂಬಳ, ಮೇಡಂ," ಎಂದಳು ಅತ್ತಿಗೆ. "ಕೆಲಸ ಎಷ್ಟೊತ್ತಿಗೆ ಶುರು?"

ಗುಬ್ಬಿ ತಮಾಷೆ ಎಂದುಕೊಂಡಳು. ಅಲ್ಲವೆಂದು ಮೊದಲ ವಾರದಲ್ಲೇ ಗೊತ್ತಾಯಿತು. ಒಂಬತ್ತಕ್ಕೆ ಸರಿಯಾಗಿ ಅತ್ತಿಗೆ ಟೈರ್ ಅಂಗಡಿಯ ಷಟರ್ ಎತ್ತುತ್ತಿದ್ದಳು, ಐದಕ್ಕೆ ಸರಿಯಾಗಿ ದಬ್ಬಳ ಕೆಳಗಿಡುತ್ತಿದ್ದಳು. ಇಷ್ಟು ಚೆನ್ನಾಗಿ ಅವಳು ಎಂದೂ ಹೆಣೆದಿರಲಿಲ್ಲ. ಮಧ್ಯೆ ಎದ್ದು ಹಾಲು ಇಳಿಸುವುದು, ಬಟ್ಟೆ ತೆಗೆಯುವುದು ಇರಲಿಲ್ಲವಲ್ಲ. ಮನೆಯಲ್ಲಿ ಮಾತ್ರ ಬೆಳಗಿನ ಒಲೆ ತಣ್ಣಗಿತ್ತು.

"ತಿಂಡಿಗೆ ಏನು?" ಎಂದು ಅಮ್ಮ ಕೇಳಿದಳು.

"ಗೊತ್ತಿಲ್ಲ ಅತ್ತೆ. ಕೆಲಸಕ್ಕೆ ಹೊತ್ತಾಯ್ತು."

"ಅಡುಗೆ ಮಾಡಿಟ್ಟು ಹೋಗ್ಬಾರ್ದಾ ಅತ್ತಿಗೆ?" ಎಂದಳು ಗುಬ್ಬಿ.

"ನೀವು ಕಚೇರಿಗೆ ಹೋಗ್ತಿದ್ದಾಗ ಮಾಡಿಟ್ಟು ಹೋಗ್ತಿದ್ರಾ, ಮೇಡಂ?"

ಗುಬ್ಬಿಗೆ ಆ ದಿನಗಳು ನೆನಪಾದವು. ಡಬ್ಬಿ ಬಾಗಿಲ ಹತ್ತಿರ ಸಿದ್ಧವಾಗಿರುತ್ತಿತ್ತು. ಯಾರು ಕಟ್ಟಿದರು, ಎಷ್ಟು ಹೊತ್ತಿಗೆ ಎದ್ದರು ಎಂದು ಒಂದು ದಿನವೂ ಕೇಳಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಪಾಳಿ ಬಂತು. ಅಮ್ಮ ಮಂಡಿ ಹಿಡಿದುಕೊಂಡು ಒಲೆಯ ಮುಂದೆ ನಿಂತಳು, ಗುಬ್ಬಿ ತರಕಾರಿ ಹೆಚ್ಚಿದಳು, ಅಣ್ಣ ಪಾತ್ರೆ ತೊಳೆದ. ಗುಬ್ಬಿಯ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು.

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ," ಅಣ್ಣ ಬಾಣಲೆ ಉಜ್ಜುತ್ತ ಗೊಣಗಿದ. "ಸುಳ್ಳು ಹೇಳಿದ್ದು ನೀವು, ಮಸಿ ನನ್ನ ಕೈಗೆ."

"ನೀವು ಅಮ್ಮನಿಗೆ ಇಷ್ಟು ವರ್ಷ ಸಂಬಳ ಕೊಡಲಿಲ್ಲ ಅಪ್ಪ," ಎಂದಳು ಲಾಯರ್. "ನಿಮ್ಮದು ದೊಡ್ಡ ಕೇಸು. ಸುಮ್ಮನೆ ಉಜ್ಜಿ."

ಅತ್ತಿಗೆ ಐದಾದ ಮೇಲೆ ಮನೆಗೆ ಬಂದು ತನ್ನ ಪಾಲಿನ ಕೆಲಸ ಮಾಡುತ್ತಿದ್ದಳು. ಗಂಡನೊಡನೆ ನಗುತ್ತಿದ್ದಳು, ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಗುಬ್ಬಿಯೊಡನೆಯೂ ಮಾತಿತ್ತು, ಮರ್ಯಾದೆಯ ಮಾತು. ಉಪ್ಪು ಕೊಡಿ ಮೇಡಂ. ಲೈಟು ಆರಿಸಲಾ ಮೇಡಂ. ಗುಬ್ಬಿ ಎಂಬ ಹೆಸರನ್ನು ಇಟ್ಟವಳೇ ವಾಪಸು ತೆಗೆದುಕೊಂಡಿದ್ದಳು.

ಒಂದು ದಿನ ಅಂಗಡಿಯಲ್ಲಿ ಗುಬ್ಬಿ ಎಳೆ ಎಸೆದು ಅತ್ತೇಬಿಟ್ಟಳು. "ತಪ್ಪಾಯ್ತು ಅತ್ತಿಗೆ. ಸಾವಿರ ಸಲ ತಪ್ಪಾಯ್ತು. ಹೊಡೀರಿ, ಬೈಯಿರಿ, ಈ ಮೇಡಂ ಒಂದು ಬಿಡಿ."

ಅತ್ತಿಗೆ ಗೂಟ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೀವ್ಯಾಕೆ ಅಳ್ತೀರಿ? ಈ ಮನೆಗೆ ಬಂದಾಗಿಂದ ಮಾಡ್ತಾನೇ ಇದೀನಿ. ಒಬ್ರೂ ಅದನ್ನ ಕೆಲಸ ಅನ್ನಲಿಲ್ಲ. ಮೊದಲು ಅಂದಿದ್ದು ನೀವೇ."

"ನಾನು ಸಂಸ್ಥೆಗೆ ಬರೆದು ನಿಜ ಹೇಳ್ತೀನಿ."

"ಬರೀಬೇಡಿ. ಬರೆದ್ರೆ ಈ ಜಾಗ ಹೋಗುತ್ತೆ, ನನ್ನ ಸಂಬಳಾನೂ ಹೋಗುತ್ತೆ. ನಿಮ್ಮ ಮನಸ್ಸು ಹಗುರ ಆಗೋಕೆ ನನ್ನ ಸಂಬಳ ಯಾಕೆ ಹೋಗ್ಬೇಕು?"

ಗುಬ್ಬಿ ತಾನೆಸೆದ ಎಳೆಯನ್ನು ಮತ್ತೆ ಎತ್ತಿಕೊಂಡಳು. ಸಂಜೆ ಬೀನ್ಸ್ ಬಿಡಿಸುತ್ತ ಲಾಯರ್ ಹತ್ತಿರ ಹೇಳಿಕೊಂಡಳು. "ಇನ್ನೊಂದು ಸಲ ಯಾರಾದ್ರೂ ಏನಾಗಬೇಕು ಅಂತ ಕೇಳಲಿ, ಹಣ ಹೋದ್ರೂ ಹೋಗಲಿ, ಅತ್ತಿಗೆ ಅಂತ್ಲೇ ಹೇಳ್ತೀನಿ."

"ಕೇಳಿದಾಗ ನೋಡೋಣ, ಗುಬ್ಬತ್ತೆ," ಎಂದಳು ಲಾಯರ್. "ಸಾಕ್ಷಿಗಳು ಯಾವಾಗ್ಲೂ ಕೋರ್ಟಿನ ಹೊರಗಡೆ ಹೀಗೇ ಹೇಳ್ತಾರೆ."

ಹೋಟೆಲಿನ ಕುರ್ಚಿಗಳು ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅತ್ತಿಗೆ ಡಬ್ಬಿ ತೆರೆಯುತ್ತ ಹೇಳಿದಳು. "ಕಸುಬು ಕಲಿಸೋ ಶಾಲೇಲಿ ಬೆತ್ತ ಹೆಣೆಯೋದಕ್ಕೆ ಟೀಚರ್ ಬೇಕಂತೆ. ಅರ್ಜಿ ಹಾಕಿದೀನಿ. ಸಿಕ್ಕಿದ್ರೆ ಒಂದು ತಿಂಗಳು ಮೊದಲೇ ಹೇಳ್ತೀನಿ, ಮೇಡಂ."

ಗುಬ್ಬಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. "ನೀವಿಲ್ದೆ ಈ ಅಂಗಡಿ ಏನಾಗುತ್ತೆ? ನನಗೆ ನೇರ ಎಳೆ ಬಿಟ್ರೆ..."

"ಅದಕ್ಕೇ ಒಂದು ತಿಂಗಳು ಅಂದೆ. ಓರೆ ಎಳೆ ಹೇಳ್ಕೊಡ್ತೀನಿ. ಯಾರನ್ನಾದ್ರೂ ಕೆಲಸಕ್ಕೂ ಇಟ್ಕೊಳ್ಳಿ. ಹೊರಗಿನವರನ್ನ." ಆ ಕೊನೆಯ ಮಾತನ್ನು ಅವಳು ಚುಚ್ಚಲು ಹೇಳಿದಂತಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಎಲ್ಲಿ ಕೆಲಸ ಮಾಡಿದ್ದೆ ಅಂತ ಕೇಳಿದ್ರು. ಬ್ಯಾಂಕಿನ ಪುಸ್ತಕ ತೋರಿಸಿದೆ. ಎಷ್ಟು ಗೌರವದಿಂದ ನೋಡಿದ್ರು ಗೊತ್ತಾ? ಮನೇಲಿ ಹೆಣೀತಿದ್ದೆ ಅಂದಿದ್ರೆ ನೋಡ್ತಿರಲಿಲ್ಲ."

ಮನೆಯಲ್ಲಿ ಆ ವಾರವೆಲ್ಲ ಇದೇ ಮಾತು. "ಮನೆ ಕಸುಬು ಬಿಟ್ಟು ಊರವರಿಗೆ ಕಲಿಸೋಕೆ ಹೋಗ್ತಾಳಂತೆ," ಎಂದು ಅಮ್ಮ ಸಿಡುಕಿದಳು. "ಗುಬ್ಬಿ ಗತಿ?"

"ಅದು ಅವಳ ಅಪ್ಪನ ಕಸುಬು ಅಮ್ಮ," ಎಂದ ಅಣ್ಣ, ಬಾಣಲೆಯಿಂದ ತಲೆಯೆತ್ತದೆ. "ನಮ್ಮ ಮನೇದು ಯಾವತ್ತಾಯ್ತು?"

ಅಮ್ಮ ಒಲೆಯ ಕಡೆ ತಿರುಗಿದಳು. ಆ ದಿನದ ಬೇಳೆಗೆ ಎರಡು ಸಲ ಉಪ್ಪು ಬಿದ್ದಿತ್ತು. ಎಲ್ಲರೂ ನೀರು ಕುಡಿದು ಕುಡಿದು ತಿಂದರು.

ಶಾಲೆಯಿಂದ ಫೋನು ಬಂದಾಗ ಐದಾಗಲು ಸ್ವಲ್ಪ ಹೊತ್ತಿತ್ತು. ಅತ್ತಿಗೆ ತೊಟ್ಟಿಯಿಂದ ಬೆತ್ತ ತೆಗೆದು ನೀರು ಜಾಡಿಸುತ್ತಿದ್ದಳು. ಗುಬ್ಬಿಯ ಎರಡೂ ಕೈಗೆ ಕೆಲಸವಿದ್ದದ್ದರಿಂದ ಫೋನಿನ ಸ್ಪೀಕರ್ ಹಾಕಿದಳು.

"ನಿಮ್ಮಲ್ಲಿ ಕೆಲಸಕ್ಕಿರೋರೊಬ್ಬರು ನಮ್ಮಲ್ಲಿ ಅರ್ಜಿ ಹಾಕಿದ್ದಾರೆ," ಎಂದಿತು ವಯಸ್ಸಾದ ಗಂಡಸಿನ ದನಿ. "ಮಾಲೀಕರು ನೀವೇ ಅಲ್ವಾ? ಕೆಲಸ ಹೇಗೆ ಮಾಡ್ತಾರೆ?"

"ಅವರ ಹಾಗೆ ಹೆಣೆಯೋರು ಇಲ್ಲ ಸಾರ್. ನನಗೆ ಕಲಿಸಿದ್ದೂ ಅವರೇ."

"ಸಂತೋಷ. ಹೊತ್ತಿಗೆ ಸರಿಯಾಗಿ ಬರ್ತಾರಾ?"

"ಗಡಿಯಾರ ಅವರನ್ನ ನೋಡಿ ತಿದ್ಕೋಬೇಕು."

ಆ ಕಡೆ ನಗು ಕೇಳಿಸಿತು. "ಇನ್ನೊಂದೇ ಪ್ರಶ್ನೆ. ಸಂಬಂಧಿಕರು ಹೇಳಿದ ಮಾತನ್ನ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ಅದಕ್ಕೆ ಎಲ್ಲರನ್ನೂ ಕೇಳ್ತೀವಿ. ಅವರು ನಿಮಗೆ ಏನಾಗಬೇಕು?"

ತೊಟ್ಟಿಯ ಹತ್ತಿರ ನೀರಿನ ಸದ್ದು ನಿಂತಿತು. ಗುಬ್ಬಿ ತಲೆಯೆತ್ತಿದಳು. ಅತ್ತಿಗೆ ಒದ್ದೆ ಬೆತ್ತವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು, ಅವತ್ತಿನ ಹಾಗೆಯೇ. ಅವಳು ತಲೆ ಅಲ್ಲಾಡಿಸಲಿಲ್ಲ, ಕಣ್ಸನ್ನೆ ಮಾಡಲಿಲ್ಲ. ಸುಮ್ಮನೆ ಕಾದಳು.

ಗುಬ್ಬಿ ಎಷ್ಟೋ ವಾರಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಅದು. ಅತ್ತಿಗೆ. ಒಂದೇ ಮಾತು. ಹೇಳಿಬಿಟ್ಟರೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಹೇಳಿಬಿಟ್ಟರೆ ಅತ್ತಿಗೆ ಎಲ್ಲಿಗೂ ಹೋಗುವುದಿಲ್ಲ. ಈ ಅಂಗಡಿಯೂ ಉಳಿಯುತ್ತದೆ, ಓರೆ ಎಳೆಯೂ ಉಳಿಯುತ್ತದೆ. ನಿಜ ಹೇಳುವುದು ಇಷ್ಟು ಲಾಭದ ಕೆಲಸವೆಂದು ಗುಬ್ಬಿಗೆ ಗೊತ್ತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಹಲೋ? ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ ಸಾರ್. ಏನೂ ಆಗಬೇಕಿಲ್ಲ," ಎಂದಳು ಗುಬ್ಬಿ. "ನಮ್ಮಲ್ಲಿ ಕೆಲಸಕ್ಕಿದ್ದಾರೆ, ಅಷ್ಟೇ. ಬಿಟ್ಟುಹೋದ್ರೆ ನನಗೆ ನಷ್ಟ. ಆದ್ರೂ ತಗೊಳ್ಳಿ ಅಂತ್ಲೇ ಹೇಳ್ತೀನಿ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು ಮಾತು. ಆ ಕಡೆಯವರು ಥ್ಯಾಂಕ್ಸ್ ಹೇಳಿ ಫೋನಿಟ್ಟರು.

ಅತ್ತಿಗೆ ಬೆತ್ತವನ್ನು ಹಲಗೆಯ ಮೇಲೆ ಹರಡಿದಳು. ಕೈ ಒರೆಸಿಕೊಂಡಳು. ಗೂಟಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿದಳು. ಬಾಗಿಲ ತನಕ ಹೋಗಿ ನಿಂತಳು.

"ಅವತ್ತು ನೀನು ತಡವರಿಸಿದ್ದೆ," ಎಂದಳು. "ಇವತ್ತು ಚೆನ್ನಾಗಿ ಹೇಳಿದೆ, ಗುಬ್ಬಿ."

ಅವಳ ಚಪ್ಪಲಿಯ ಸದ್ದು ಬೀದಿಗಿಳಿದು ಮನೆಯ ಕಡೆ ಹೋಯಿತು. ಗುಬ್ಬಿ ತನ್ನ ಹೆಸರನ್ನು ಕೇಳಿಸಿಕೊಂಡು ಅಲ್ಲೇ ಕುಳಿತಿದ್ದಳು. ಆಮೇಲೆ ಎದ್ದು, ಮುಖ ತೊಳೆಯಲು ಬೆತ್ತದ ತೊಟ್ಟಿಗೆ ಕೈ ಹಾಕಿದಳು.